ಪಾಠದ ಚಾಪೆಯಲ್ಲಿ ಅಪ್ಪ ಅಮ್ಮನ ಜಾಗ

ಸಂಜೆ ಐದೂವರೆಯ ಹೊತ್ತಿಗೆ ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ಯಾವುದಾದರೂ ಅಡ್ಡರಸ್ತೆಯಲ್ಲಿ ನಡೆದು ಹೋದರೆ, ಒಂದು ಮನೆಯ ಬಾಗಿಲ ಮುಂದೆ ಏಳೆಂಟು ಜೊತೆ ಪುಟ್ಟ ಚಪ್ಪಲಿಗಳು ಕಾಣುತ್ತವೆ. ಒಳಗೆ ಮಾಯಾಮಾಳವಗೌಳದ ಸರಳೆ ವರಸೆ ನಡೆದಿರುತ್ತದೆ. ಒಂದನೇ ಕಾಲ ನೆಟ್ಟಗಿರುತ್ತದೆ, ಎರಡನೇ ಕಾಲವೂ ಪರವಾಗಿಲ್ಲ. ಮೂರನೆಯದಕ್ಕೆ ಬರುವಷ್ಟರಲ್ಲಿ ತಾಳ ಹಾಕುವ ಕೈಗಳು ಒಂದೊಂದು ದಿಕ್ಕು ಹಿಡಿದಿರುತ್ತವೆ. ಹೊರಗೆ ಸ್ಕೂಟರಿಗೆ ಒರಗಿದ ಅಪ್ಪಂದಿರು, ಮೆಟ್ಟಿಲ ಮೇಲೆ ಕೂತ ಅಮ್ಮಂದಿರು, ಮೊಮ್ಮಗಳ ನೀರಿನ ಬಾಟಲಿ ಹಿಡಿದುಕೊಂಡ ಅಜ್ಜ. ಕೆಲವು ಮೇಷ್ಟ್ರು, “ಒಳಗೆ ಬಂದು ಕೂತ್ಕೊಳ್ಳಿ, ಮನೇಲಿ ಹೇಳಿಸೋಕೆ ನಿಮಗೆ ಗೊತ್ತಾಗುತ್ತೆ” ಎಂದು ಕರೆಯುತ್ತಾರೆ. ಇನ್ನು ಕೆಲವರು, “ನೀವಿದ್ರೆ ಮಗು ನಿಮ್ಮ ಮುಖಾನೇ ನೋಡುತ್ತೆ” ಎಂದು ಮೆಲ್ಲಗೆ ಬಾಗಿಲು ಹಾಕಿಕೊಳ್ಳುತ್ತಾರೆ.

ಮಕ್ಕಳ ಸಂಗೀತ ಪಾಠದಲ್ಲಿ ಹೆತ್ತವರು ಎಲ್ಲಿ ಕೂರಬೇಕು? ಮನೆಯಲ್ಲಿ ಅಭ್ಯಾಸ ಮಾಡಿಸುವುದು ಅವರ ಕೆಲಸವೇ? ಮಗು ಬೇಡ ಅಂದ ದಿನ ಏನು ಮಾಡಬೇಕು? ಈ ಪ್ರಶ್ನೆಗಳ ಸುತ್ತ ಗುರುಗಳ ಅನುಭವ ಬೆಳೆದಿದೆ, ಮನಶ್ಶಾಸ್ತ್ರಜ್ಞರ ಅಧ್ಯಯನಗಳು ಬಂದಿವೆ, ಒಂದಕ್ಕೊಂದು ಎದುರು ನಿಂತ ಪಂಥಗಳೂ ಹುಟ್ಟಿವೆ. ವಾದವೆಲ್ಲ ಸಾಮಾನ್ಯವಾಗಿ ‘ಎಷ್ಟು ಒತ್ತಾಯ ಮಾಡಬೇಕು’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಈವರೆಗೆ ಕೂಡಿಬಂದಿರುವ ತಿಳಿವಳಿಕೆಯನ್ನು ಒಟ್ಟಿಗೆ ಇಟ್ಟು ನೋಡಿದರೆ, ಹೆತ್ತವರು ಯಾವಾಗ ಹತ್ತಿರ ಕೂರಬೇಕು, ಯಾವಾಗ ಎದ್ದು ಹೋಗಬೇಕು ಎಂಬುದೇ ಅದಕ್ಕಿಂತ ದೊಡ್ಡ ವಿಷಯವೆನಿಸುತ್ತದೆ.

ಗುರುವಿನ ಮನೆಯಿಂದ ಮನೆಪಾಠಕ್ಕೆ

ಹಿಂದಿನ ಕಾಲದಲ್ಲಿ ಈ ಪ್ರಶ್ನೆ ಹೆಚ್ಚಾಗಿ ಏಳುತ್ತಲೇ ಇರಲಿಲ್ಲ. ಒಂದೋ ಮನೆಯೇ ಸಂಗೀತದ ಮನೆಯಾಗಿರುತ್ತಿತ್ತು, ಇಲ್ಲವೇ ಮಗು ಗುರುವಿನ ಮನೆ ಸೇರುತ್ತಿತ್ತು. ಹಾಸನ ಜಿಲ್ಲೆಯ ರುದ್ರಪಟ್ಟಣದಂಥ ಊರಲ್ಲಿ ಕಾವೇರಿ ದಂಡೆಯ ಮನೆಗಳ ಮಕ್ಕಳಿಗೆ ಪಾಠ ಶುರುವಾಗುವ ಮೊದಲೇ ಕಿವಿಗೆ ರಾಗ ಬಿದ್ದಿರುತ್ತಿತ್ತು. ಆರ್.ಕೆ. ಶ್ರೀಕಂಠನ್ ಹುಟ್ಟಿದ್ದು ಆ ಊರಲ್ಲಿ. ವೀಣೆಯ ದೊರೆಸ್ವಾಮಿ ಅಯ್ಯಂಗಾರ್ಯರಿಗೆ ಮೊದಲ ಪಾಠ ಹೇಳಿದವರು ಅವರ ತಂದೆ ವೆಂಕಟೇಶ ಅಯ್ಯಂಗಾರ್. ಆಮೇಲೆ ಮಗನನ್ನು ಮೈಸೂರಿನ ವೆಂಕಟಗಿರಿಯಪ್ಪನವರ ಕೈಗೆ ಒಪ್ಪಿಸಲಾಯಿತು. ಮೊದಲು ಮಡಿಲು, ಆಮೇಲೆ ಒಪ್ಪಿಸುವುದು: ಈ ಎರಡು ಹೆಜ್ಜೆಗಳನ್ನು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಮತ್ತೆ ಎದುರಾಗುತ್ತವೆ.

ಗಂಗೂಬಾಯಿ ಹಾನಗಲ್ಲರ ತಾಯಿ ಅಂಬಾಬಾಯಿಯವರದು ಇನ್ನೂ ಕಷ್ಟದ ನಡೆ. ಅವರು ಸ್ವತಃ ಕರ್ನಾಟಕ ಸಂಗೀತದ ಗಾಯಕಿ. ಮಗಳು ಹಿಂದೂಸ್ತಾನಿ ಕಲಿಯತೊಡಗಿದಾಗ ತಮ್ಮ ಹಾಡಿಕೆಯ ನೆರಳು ಅವಳ ದನಿಯ ಮೇಲೆ ಬೀಳಬಾರದೆಂದು ತಮ್ಮ ಹಾಡನ್ನೇ ನಿಲ್ಲಿಸಿಬಿಟ್ಟರು. ಮುಂದೆ ಗಂಗೂಬಾಯಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲು ಹತ್ತಿ ಸವಾಯಿ ಗಂಧರ್ವರ ಬಳಿ ಕಲಿತರು. ಮಗುವಿನ ಸಂಗೀತಕ್ಕಾಗಿ ಹೆತ್ತವರು ಹಿಂದೆ ಸರಿದ ಉದಾಹರಣೆಗಳಲ್ಲಿ ಇದಕ್ಕಿಂತ ದೊಡ್ಡದು ಕನ್ನಡನಾಡಿನಲ್ಲಿ ಸಿಗುವುದು ಕಷ್ಟ. ಭೀಮಸೇನ ಜೋಶಿಯವರ ಕಥೆ ತಿರುಗುಮುರುಗಾಗಿದೆ. 1933ರಲ್ಲಿ, ಹನ್ನೊಂದರ ವಯಸ್ಸಿಗೆ, ಗುರುವನ್ನು ಹುಡುಕಿಕೊಂಡು ಹುಡುಗ ಮನೆಬಿಟ್ಟ. ಶಾಲೆಯ ಮೇಷ್ಟ್ರಾಗಿದ್ದ ತಂದೆ ಗುರುರಾಜ ಜೋಶಿ ಕೊನೆಗೆ ದೂರದ ಜಲಂಧರದಲ್ಲಿ ಮಗನನ್ನು ಕಂಡುಹಿಡಿದರು. ಕರೆತಂದ ಮೇಲೆ ಅವರು ಹಟ ಹಿಡಿಯಲಿಲ್ಲ, ಹುಡುಗ ಅದೇ ಸವಾಯಿ ಗಂಧರ್ವರ ಶಿಷ್ಯನಾದ.

ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಹೆತ್ತವರ ಜಾಗವನ್ನೂ ಗುರುವೇ ತುಂಬಿದರು. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ಕಣ್ಣಿಲ್ಲದ ಮತ್ತು ಬಡ ಮಕ್ಕಳಿಗೆ ಅನ್ನ, ಬಟ್ಟೆ, ಸ್ವರ ಮೂರನ್ನೂ ಒಂದೇ ಸೂರಿನಡಿ ಕೊಟ್ಟರು. ಬೆಳಗಿನಿಂದ ರಾತ್ರಿಯವರೆಗೆ ಸಂಗೀತದ ನಡುವೆಯೇ ಇದ್ದ ಆ ಮಕ್ಕಳಿಗೆ ‘ಮನೆಯಲ್ಲಿ ಅಭ್ಯಾಸ’ ಎಂಬ ಬೇರೆ ಮಾತೇ ಬೇಕಿರಲಿಲ್ಲ.

ಈ ಲೋಕ ಬದಲಾಗತೊಡಗಿದ್ದು ಇಪ್ಪತ್ತನೇ ಶತಮಾನದ ಆರಂಭದಲ್ಲಿ. 1901ರಲ್ಲಿ ವಿಷ್ಣು ದಿಗಂಬರ ಪಲುಸ್ಕರ್ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. ಗುರುವಿನ ಮನೆಯ ವಿದ್ಯೆಗೆ ತರಗತಿ, ಪಠ್ಯ, ಹೊತ್ತು ಗೊತ್ತು ಬಂತು. ಭಾತಖಂಡೆಯವರ ಸ್ವರಲಿಪಿ ಪುಸ್ತಕಗಳು ಬಂದವು. 1931ರಲ್ಲಿ ಹುಟ್ಟಿದ ಗಾಂಧರ್ವ ಮಹಾವಿದ್ಯಾಲಯ ಮಂಡಳದ ಪರೀಕ್ಷೆಗಳು ಉತ್ತರ ಕರ್ನಾಟಕದ ಮನೆಮಾತಾದವು. ದಕ್ಷಿಣದಲ್ಲಿ ಜೂನಿಯರ್, ಸೀನಿಯರ್, ವಿದ್ವತ್ ಎಂಬ ಏಣಿ ನಿಂತಿತು. ಮಧ್ಯಮ ವರ್ಗದ ಮನೆಗೆ ಹಾರ್ಮೋನಿಯಂ ಬಂತು, ವಾರಕ್ಕೆ ಎರಡು ದಿನ ಮನೆಪಾಠದ ಮೇಷ್ಟ್ರು ಬಂದರು.

ವಾರಕ್ಕೆ 168 ಗಂಟೆ. ಗುರುವಿನ ಪಾಲಿಗೆ ಉಳಿದದ್ದು ಎರಡು. ಮಿಕ್ಕ 166 ಗಂಟೆ ಮಗುವಿರುವುದು ಸಂಗೀತ ಗೊತ್ತಿಲ್ಲದ ಮನೆಯಲ್ಲಿ. ಗುರುಕುಲ ತಾನಾಗಿ ಮಾಡುತ್ತಿದ್ದ ಕೆಲಸವೆಲ್ಲ, ಅಂದರೆ ಕೇಳಿಸುವುದು, ಕೂರಿಸುವುದು, ತಪ್ಪನ್ನು ಅಲ್ಲೇ ತಿದ್ದುವುದು, ಯಾರೂ ಹೇಳದೆ ಕೇಳದೆ ಅಪ್ಪ ಅಮ್ಮನ ಹೆಗಲಿಗೆ ಬಿತ್ತು. ಇಂದಿನ ಗೊಂದಲದ ಬೇರು ಇಲ್ಲಿದೆ.

ಮಾತೃಭಾಷೆಯ ದಾರಿ

ಈ ಹೊರೆಯನ್ನು ನೇರವಾಗಿ ಕೈಗೆತ್ತಿಕೊಂಡು ಅದಕ್ಕೊಂದು ಪದ್ಧತಿಯನ್ನೇ ಕಟ್ಟಿದವರು ಜಪಾನಿನ ಶಿನಿಚಿ ಸುಜುಕಿ. ನಗೋಯದಲ್ಲಿ ಪಿಟೀಲು ಕಾರ್ಖಾನೆ ನಡೆಸುತ್ತಿದ್ದವರ ಮಗ, ಬರ್ಲಿನ್ನಿನಲ್ಲಿ ಕಲಿತವರು. ಜಪಾನಿನ ಮಕ್ಕಳೆಲ್ಲ ಅಷ್ಟು ಕಷ್ಟದ ಜಪಾನಿ ಭಾಷೆಯನ್ನು ಸಲೀಸಾಗಿ ಆಡುತ್ತಾರಲ್ಲ, ಹಾಗಿದ್ದರೆ ಸಂಗೀತವೇಕೆ ಕೆಲವರಿಗೆ ಮಾತ್ರ ಬರಬೇಕು ಎಂಬುದು ಅವರನ್ನು ಕಾಡಿದ ಯೋಚನೆ. ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಮಾತ್ಸುಮೊಟೊ ಊರಿನಲ್ಲಿ ಪಾಠ ಶುರುಮಾಡಿದರು. ಮೂರು ನಾಲ್ಕು ವರ್ಷದ ಮಗುವಿಗೆ ಮೊದಲೇ ಪಿಟೀಲು ಕೊಡುವುದಿಲ್ಲ, ತಾಯಿಗೆ ಕೊಡುತ್ತಾರೆ. ಅವಳು ಒಂದು ಸಣ್ಣ ಮಟ್ಟು ಕಲಿಯುತ್ತಾಳೆ, ನೋಡುತ್ತ ನೋಡುತ್ತ ಮಗು ತಾನೇ ಕೈಚಾಚುತ್ತದೆ. ಪ್ರತಿ ಪಾಠಕ್ಕೂ ತಾಯಿ ಜೊತೆಯಲ್ಲಿ ಕೂತು ಬರೆದುಕೊಳ್ಳುತ್ತಾಳೆ. ಕಲಿಯಬೇಕಾದ ತುಣುಕುಗಳ ಧ್ವನಿಮುದ್ರಣ ಮನೆಯಲ್ಲಿ ದಿನವೂ ಕೇಳುತ್ತಿರಬೇಕು. ಗುರು, ಮಗು, ಹೆತ್ತವರು ಒಂದು ತ್ರಿಕೋನ.

1964ರಲ್ಲಿ ಸುಜುಕಿಯವರ ಪುಟ್ಟ ಶಿಷ್ಯರು ಅಮೆರಿಕಕ್ಕೆ ಹೋಗಿ ನುಡಿಸಿದಾಗ ಅಲ್ಲಿನ ಸಂಗೀತ ಶಿಕ್ಷಕರು ಬೆರಗಾದರು, ಪದ್ಧತಿ ಜಗತ್ತಿಗೆಲ್ಲ ಹರಡಿತು. ಸಣ್ಣ ಮಕ್ಕಳು ಕಿವಿಯಿಂದ ಹೇಗೆ ಕಲಿಯುತ್ತಾರೆ ಎಂಬುದನ್ನು ಇದು ಚೆನ್ನಾಗಿ ವಿವರಿಸುತ್ತದೆ. ರುದ್ರಪಟ್ಟಣದ ಮನೆಗಳು ತಿಳಿಯದೆಯೇ ಮಾಡುತ್ತಿದ್ದುದನ್ನು ಸುಜುಕಿ ತಿಳಿದು ಮಾಡಿದರು ಎಂದರೆ ತಪ್ಪಾಗದು. ಆಕ್ಷೇಪಗಳೂ ಇವೆ. ಮಕ್ಕಳು ಸ್ವರಲಿಪಿ ಓದುವುದರಲ್ಲಿ ಹಿಂದುಳಿಯುತ್ತಾರೆ, ಅನುಕರಣೆ ಹೆಚ್ಚುತ್ತದೆ ಎನ್ನುವುದು ಒಂದು. ದಿನವೂ ಬಿಡುವಿರುವ ಒಬ್ಬ ತಾಯಿ ಮನೆಯಲ್ಲಿರುತ್ತಾಳೆ ಎಂದು ಪದ್ಧತಿ ಮೊದಲೇ ಎಣಿಸಿಕೊಂಡಿದೆ ಎನ್ನುವುದು ಇನ್ನೊಂದು. ಎರಡನೆಯದೇ ಹೆಚ್ಚು ಗಟ್ಟಿ ಆಕ್ಷೇಪ.

ಗಂಟೆಗಳ ಲೆಕ್ಕ

ಎರಡನೆಯ ಪಂಥದ ಮಂತ್ರ ಸಾಧನೆ. 1993ರಲ್ಲಿ ಆಂಡರ್ಸ್ ಎರಿಕ್ಸನ್ ಮತ್ತು ಜೊತೆಗಾರರು ಬರ್ಲಿನ್ನಿನ ಸಂಗೀತ ಅಕಾಡೆಮಿಯ ಪಿಟೀಲು ವಿದ್ಯಾರ್ಥಿಗಳನ್ನು ಅಧ್ಯಯನ ಮಾಡಿದರು. ಅತ್ಯುತ್ತಮರೆನಿಸಿದವರು ಇಪ್ಪತ್ತರ ವಯಸ್ಸಿಗೆ ಸರಾಸರಿ 10,000 ಗಂಟೆ ಒಂಟಿಯಾಗಿ ಕೂತು ಅಭ್ಯಾಸ ಮಾಡಿದ್ದರು. 2008ರಲ್ಲಿ ಮಾಲ್ಕಮ್ ಗ್ಲಾಡ್‌ವೆಲ್ ಈ ಸಂಖ್ಯೆಯನ್ನು ತಮ್ಮ ಪುಸ್ತಕದಲ್ಲಿ ಬಳಸಿದ ಮೇಲೆ ಅದು ಮನೆಮನೆಯ ಮಾತಾಯಿತು. ಸರಾಸರಿ ಎಂಬ ಪದ ಬಿದ್ದುಹೋಗಿ ನಿಯಮ ಎಂಬ ಪದ ಬಂತು. 2014ರಲ್ಲಿ ಬ್ರೂಕ್ ಮೆಕ್‌ನಮಾರ ಮತ್ತಿತರರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸಂಗೀತಗಾರರ ನಡುವಿನ ವ್ಯತ್ಯಾಸದಲ್ಲಿ ಅಭ್ಯಾಸದಿಂದ ವಿವರಿಸಬಹುದಾದದ್ದು ಸುಮಾರು ಶೇ 21 ಮಾತ್ರ ಎಂದು ಕಂಡಿತು. ಅದೇ ವರ್ಷ ಸ್ವೀಡನ್ನಿನ ಸಾವಿರಾರು ಅವಳಿಗಳ ಅಧ್ಯಯನ ಇನ್ನೊಂದು ಎಳೆ ಸೇರಿಸಿತು: ಅಭ್ಯಾಸಕ್ಕೆ ಕೂರುವ ಒಲವಿನಲ್ಲೇ ಹುಟ್ಟಿನ ಪಾಲು ದೊಡ್ಡದಿದೆ.

ಹಾಗಾದರೆ ಸಾಧನೆ ವ್ಯರ್ಥವೇ? ಖಂಡಿತ ಇಲ್ಲ. ಇಂಗ್ಲೆಂಡಿನಲ್ಲಿ ಜಾನ್ ಸ್ಲೊಬೊಡ, ಜೇನ್ ಡೇವಿಡ್‌ಸನ್ ಮತ್ತಿತರರು 257 ಮಕ್ಕಳನ್ನು ಅಧ್ಯಯನ ಮಾಡಿ 1996ರಲ್ಲಿ ಪ್ರಕಟಿಸಿದ ಫಲಿತಾಂಶ ಇಲ್ಲಿ ಮುಖ್ಯ. ಸಂಗೀತ ಪರೀಕ್ಷೆಯ ಒಂದು ಗ್ರೇಡಿನಿಂದ ಮುಂದಿನ ಗ್ರೇಡಿಗೆ ಏರಲು ಜಾಣರೆನಿಸಿದ ಮಕ್ಕಳಿಗೂ ಉಳಿದವರಿಗೂ ಬೇಕಾದದ್ದು ಹೆಚ್ಚೂಕಡಿಮೆ ಅಷ್ಟೇ ಗಂಟೆಗಳು. ಮುಂದೆ ಹೋದವರು ಆ ಗಂಟೆಗಳನ್ನು ಕಡಿಮೆ ವರ್ಷಗಳಲ್ಲಿ ಮುಗಿಸಿದ್ದರು, ಅಷ್ಟೆ. ಅಡ್ಡದಾರಿ ಯಾರಿಗೂ ಸಿಕ್ಕಿರಲಿಲ್ಲ.

ಗಂಟೆ ಎಣಿಸುವ ಹೆತ್ತವರು ಮರೆಯುವ ಸಂಗತಿಯನ್ನು ಆಸ್ಟ್ರೇಲಿಯದ ಗ್ಯಾರಿ ಮೆಕ್‌ಫರ್ಸನ್ ಮತ್ತು ಜೇಮ್ಸ್ ರೆನ್ವಿಕ್ ತೋರಿಸಿಕೊಟ್ಟರು. ವಾದ್ಯ ಕಲಿಯುವ ಮಕ್ಕಳ ಮನೆಯ ಅಭ್ಯಾಸವನ್ನು ವಿಡಿಯೊದಲ್ಲಿ ಹಿಡಿದು ನೋಡಿದರೆ, ಅವರ ಹೊತ್ತಿನ ಶೇ 90ಕ್ಕೂ ಹೆಚ್ಚು ಪಾಲು ತುಣುಕನ್ನು ಮೊದಲಿನಿಂದ ಕೊನೆಯವರೆಗೆ ನುಡಿಸುವುದರಲ್ಲೇ ಕಳೆಯುತ್ತಿತ್ತು. ನಮ್ಮ ಮಕ್ಕಳದೂ ಇದೇ ಚಾಳಿ. ವರ್ಣದ ಚರಣ ಸ್ವರದಲ್ಲಿ ಒಂದೇ ಜಾಗದಲ್ಲಿ ದಿನಾ ಎಡವಿದರೂ ಪ್ರತಿಸಲ ಪಲ್ಲವಿಯಿಂದಲೇ ಹೊರಡುತ್ತಾರೆ. ಎಡವುವ ಜಾಗಕ್ಕೆ ಬರುವ ಹೊತ್ತಿಗೆ ದಣಿದು, ಅದನ್ನು ಹೇಗೋ ದಾಟಿ, ಮುಗಿಯಿತು ಎಂದು ಎದ್ದುಬಿಡುತ್ತಾರೆ. ಅರ್ಧ ಗಂಟೆ ಆಯಿತೆಂದು ಗಡಿಯಾರ ಹೇಳುತ್ತದೆ, ಕಲಿತದ್ದು ಏನೂ ಇರುವುದಿಲ್ಲ. ಆ ನಾಲ್ಕು ಆವರ್ತವನ್ನಷ್ಟೇ ನಿಧಾನವಾಗಿ ಹತ್ತು ಸಲ ಹಾಡಿಸುವುದಕ್ಕೆ ಹೆತ್ತವರಿಗೆ ಸಂಗೀತ ಗೊತ್ತಿರಬೇಕಾಗಿಲ್ಲ. ಮಗು ಎಲ್ಲಿ ತಡವರಿಸುತ್ತದೆ ಎಂದು ಗಮನಿಸುವ ಕಿವಿ ಇದ್ದರೆ ಸಾಕು.

ಹತ್ತಿರ ಕೂರುವ ಕಾಲ, ಎದ್ದು ಹೋಗುವ ಕಾಲ

2011ರಲ್ಲಿ ಅಮೆರಿಕದ ಏಮಿ ಚುವಾ ತಮ್ಮ ಹೆಣ್ಣುಮಕ್ಕಳನ್ನು ಪಿಯಾನೊ, ಪಿಟೀಲಿಗೆ ಗಂಟೆಗಟ್ಟಲೆ ಕೂರಿಸಿದ ಕಥೆಯನ್ನು ಪುಸ್ತಕವಾಗಿ ಬರೆದಾಗ ದೊಡ್ಡ ಗದ್ದಲವೆದ್ದಿತು. ಮಗುವಿಗೆ ಏನು ಒಳ್ಳೆಯದೆಂದು ತಾಯಿಗೇ ಗೊತ್ತು, ಚೆನ್ನಾಗಿ ಬರತೊಡಗಿದ ಮೇಲೆ ಖುಷಿ ತಾನಾಗಿ ಬರುತ್ತದೆ ಎಂಬುದು ಆ ನಿಲುವು. ಇದರ ಎದುರಿಗೆ ಎಡ್ವರ್ಡ್ ಡೆಸಿ, ರಿಚರ್ಡ್ ರಯಾನ್ ಕಟ್ಟಿದ ಸಿದ್ಧಾಂತ ನಿಲ್ಲುತ್ತದೆ. ತಾನೇ ಆರಿಸಿಕೊಂಡೆ ಎಂಬ ಭಾವ, ನನಗೆ ಬರುತ್ತದೆ ಎಂಬ ಭರವಸೆ, ಜೊತೆಯವರೊಂದಿಗೆ ಬೆಸುಗೆ, ಈ ಮೂರಿದ್ದಾಗ ಒಳಗಿನ ಹಂಬಲ ಉಳಿಯುತ್ತದೆ. ಬಹುಮಾನದ ಆಸೆ, ಬೈಗುಳದ ಹೆದರಿಕೆ ಅದನ್ನು ಒಣಗಿಸುತ್ತವೆ ಎಂಬುದು ಇವರ ಮಾತು.

ಎರಡೂ ಕಡೆ ಹುರುಳಿದೆ. ಆದರೆ ಹೆತ್ತವರಿಗೆ ನಿಜವಾಗಿ ದಾರಿ ತೋರಿಸುವುದು ಆ 257 ಮಕ್ಕಳ ಅಧ್ಯಯನದ ಇನ್ನೊಂದು ಭಾಗ. ತುಂಬ ಮುಂದೆ ಹೋದ ಮಕ್ಕಳ ಹೆತ್ತವರು ಆರಂಭದ ವರ್ಷಗಳಲ್ಲಿ ಎಲ್ಲರಿಗಿಂತ ಹೆಚ್ಚು ಜೊತೆಗಿದ್ದರು. ಪಾಠಕ್ಕೆ ಹೋಗಿ ಕೂರುತ್ತಿದ್ದರು, ಗುರುವಿನ ಹತ್ತಿರ ಮಾತಾಡುತ್ತಿದ್ದರು, ಅಭ್ಯಾಸದ ಹೊತ್ತಿಗೆ ಪಕ್ಕದಲ್ಲಿರುತ್ತಿದ್ದರು. ಹದಿವಯಸ್ಸು ಬರುತ್ತಿದ್ದಂತೆ ಅವರ ಪಾತ್ರ ಇಳಿಯಿತು, ಮಗುವಿನ ಸ್ವಂತ ಹುರುಪು ಏರಿತು. ಸಂಗೀತ ಬಿಟ್ಟ ಮಕ್ಕಳ ಮನೆಗಳಲ್ಲಿ ಇದು ತಲೆಕೆಳಗಾಗಿತ್ತು: ಮೊದಲು ಅಷ್ಟಾಗಿ ತಲೆಹಾಕದೆ, ಮಗು ಹದಿವಯಸ್ಸಿಗೆ ಬಂದಮೇಲೆ ಒತ್ತಡ ಹೆಚ್ಚಿಸಿದ್ದರು. ಮುಂದೆ ಹೋದ ಮಕ್ಕಳ ಅಪ್ಪ ಅಮ್ಮ ಬಹುಪಾಲು ಸಂಗೀತಗಾರರೇನೂ ಆಗಿರಲಿಲ್ಲ ಎಂಬುದನ್ನೂ ಗಮನಿಸಬೇಕು. ನಮಗೇ ಬರುವುದಿಲ್ಲ, ಏನು ಹೇಳಿಕೊಡುವುದು ಎಂದು ಹಿಂಜರಿಯುವ ಎಷ್ಟೋ ಮನೆಗಳಿಗೆ ಇದು ಧೈರ್ಯದ ಸುದ್ದಿ.

ಬೆಂಜಮಿನ್ ಬ್ಲೂಮ್ ಮತ್ತವರ ತಂಡ 1985ರಲ್ಲಿ ಪ್ರಕಟಿಸಿದ ಅಧ್ಯಯನ ಆರು ಕ್ಷೇತ್ರಗಳ 120 ಸಾಧಕರನ್ನು ಕುರಿತದ್ದು. ಅದರಲ್ಲಿದ್ದ ಪಿಯಾನೊ ಕಲಾವಿದರ ಮೊದಲ ಗುರುಗಳು ಹೆಸರಾಂತರಲ್ಲ, ಪಕ್ಕದ ಬೀದಿಯ ಅಕ್ಕರೆಯ ಮೇಷ್ಟ್ರುಗಳು. ಕಟ್ಟುನಿಟ್ಟಿನ ಗುರು ಎರಡನೆಯವರು, ಮಹಾಗುರು ಮೂರನೆಯವರು. ಆರು ವರ್ಷದ ಮಗುವಿಗೆ ಊರಿನ ಅತಿ ದೊಡ್ಡ ವಿದ್ವಾಂಸರೇ ಬೇಕೆಂದು ಅಲೆಯುವವರು ಇದನ್ನು ಯೋಚಿಸಬೇಕು. ಮಗುವಿಗೆ ಮೊದಲು ಬೇಕಾದದ್ದು ‘ನಾಳೆ ಮತ್ತೆ ಹೋಗಬೇಕು’ ಅನ್ನಿಸುವ ಮನೆ.

ಬುದ್ಧಿ ಹೆಚ್ಚುತ್ತದೆಂಬ ಆಸೆ

ಸಂಗೀತ ಕಲಿತರೆ ಗಣಿತ ಚುರುಕಾಗುತ್ತದೆ ಎಂದು ಮಕ್ಕಳನ್ನು ಸೇರಿಸುವವರಿದ್ದಾರೆ. ಈ ಆಸೆಗೆ ನೀರೆರೆದದ್ದು 1993ರ ಒಂದು ಪುಟ್ಟ ಪ್ರಯೋಗ: 36 ಕಾಲೇಜು ವಿದ್ಯಾರ್ಥಿಗಳು ಹತ್ತು ನಿಮಿಷ ಮೊಜಾರ್ಟ್ ಕೇಳಿದ ಮೇಲೆ ಆಕಾರಗಳನ್ನು ಮನಸ್ಸಿನಲ್ಲೇ ಕಲ್ಪಿಸಿಕೊಳ್ಳುವ ಒಂದು ಬಗೆಯ ಪರೀಕ್ಷೆಯಲ್ಲಿ ಸ್ವಲ್ಪ ಹೊತ್ತು ಮುಂದಿದ್ದರು. ಮಕ್ಕಳೂ ಇರಲಿಲ್ಲ, ಪಾಠವೂ ಇರಲಿಲ್ಲ. 2004ರಲ್ಲಿ ಗ್ಲೆನ್ ಶೆಲೆನ್‌ಬರ್ಗ್ 144 ಆರು ವರ್ಷದ ಮಕ್ಕಳ ಮೇಲೆ ನಡೆಸಿದ ಪ್ರಯೋಗದಲ್ಲಿ ಸಂಗೀತ ಕಲಿತವರ ಬುದ್ಧಿಮತ್ತೆಯ ಅಂಕ ಉಳಿದವರಿಗಿಂತ ಮೂರರಷ್ಟು ಹೆಚ್ಚು ಏರಿತ್ತು. 2020ರಲ್ಲಿ ಜೊವಾನ್ನಿ ಸಾಲ ಮತ್ತು ಫೆರ್ನಾಂಡ್ ಗೊಬೆ 54 ಅಧ್ಯಯನಗಳನ್ನು ಜರಡಿ ಹಿಡಿದಾಗ, ಕಟ್ಟುನಿಟ್ಟಾಗಿ ನಡೆಸಿದ ಪ್ರಯೋಗಗಳಲ್ಲಿ ಪರಿಣಾಮ ಸೊನ್ನೆಯ ಹತ್ತಿರಕ್ಕೆ ಬಂತು. ಗಣಿತಕ್ಕಾಗಿ ಗಣಿತವನ್ನೇ ಹೇಳಿಸುವುದು ಒಳ್ಳೆಯದು.

ಪರೀಕ್ಷೆ ಮತ್ತು ವೇದಿಕೆ

ಪರೀಕ್ಷೆಯ ಪರವಾಗಿ ಹೇಳಬೇಕಾದದ್ದು ಬಹಳವಿದೆ. ಸಣ್ಣ ಊರಿನ ಮಗುವಿಗೂ ಒಂದು ಪಠ್ಯಕ್ರಮ, ಒಂದು ಗುರಿ ಸಿಗುತ್ತದೆ. ಲಂಡನ್ನಿನ ಟ್ರಿನಿಟಿ ಕಾಲೇಜು 1877ರಿಂದ ಸಂಗೀತ ಪರೀಕ್ಷೆ ನಡೆಸುತ್ತ ಬಂದಿದೆ, ಬೆಂಗಳೂರಿನ ಕೀಬೋರ್ಡ್, ಗಿಟಾರ್ ಮಕ್ಕಳು ಇಂದಿಗೂ ಅದರ ಗ್ರೇಡುಗಳನ್ನು ಹತ್ತುತ್ತಾರೆ. ಆದರೆ ಪರೀಕ್ಷೆಗೆ ಬೇಕಾದಷ್ಟನ್ನೇ ವರ್ಷವಿಡೀ ಉಜ್ಜಿದ ಮಗು, ಪ್ರಮಾಣಪತ್ರ ಕೈಗೆ ಬಂದ ಮರುದಿನ ಹಾಡಲು ಏನೂ ಇಲ್ಲದೆ ನಿಲ್ಲುತ್ತದೆ. ಟಿವಿಯ ಗಾನಸ್ಪರ್ಧೆಗಳು ಅವಸರವನ್ನು ಇನ್ನಷ್ಟು ಹೆಚ್ಚಿಸಿವೆ. ಕಡಲಾಚೆಯ ಮನೆಗಳಲ್ಲಿ ಪಾಠ ಪರದೆಯ ಮೇಲೆ ನಡೆಯುತ್ತದೆ. 1978ರಲ್ಲಿ ಶುರುವಾದ ಕ್ಲೀವ್‌ಲ್ಯಾಂಡ್ ತ್ಯಾಗರಾಜ ಆರಾಧನೆಯ ಸ್ಪರ್ಧೆಗಳಿಗೆ ಅಮೆರಿಕದ ಮಕ್ಕಳು ತಿಂಗಳುಗಟ್ಟಲೆ ತಯಾರಾಗುತ್ತಾರೆ. ಅಲ್ಲಿ ಬೆಳೆಯುವ ಮಗುವಿಗೆ ತನ್ನ ವಾರಿಗೆಯವರೂ ಹಾಡುತ್ತಾರೆ ಎಂದು ಕಾಣಸಿಗುವ ಜಾಗ ಬೇರೆ ಎಷ್ಟಿವೆ? ಆದ್ದರಿಂದ ಸ್ಪರ್ಧೆಯನ್ನು ಪೂರ್ತಿ ತಳ್ಳಿಹಾಕಲು ಮನಸ್ಸು ಬರುವುದಿಲ್ಲ.

ಮಿಕ್ಕ 166 ಗಂಟೆಗಳಲ್ಲಿ

ಅನುಭವಿ ಗುರುಗಳೂ ಸಂಶೋಧಕರೂ ಒಪ್ಪುವ ಕೆಲವು ಸಂಗತಿಗಳಿವೆ. ಅಭ್ಯಾಸಕ್ಕೆ ದಿನದಲ್ಲಿ ಒಂದು ಹೊತ್ತು ಗೊತ್ತಾಗಿರಬೇಕು. ದಿನಾ ಹದಿನೈದು ನಿಮಿಷ, ಭಾನುವಾರದ ಎರಡು ಗಂಟೆಗಿಂತ ಮೇಲು. ಶ್ರುತಿಯಿಲ್ಲದೆ ಮಗುವನ್ನು ಹಾಡಿಸಬಾರದು. ಬೆಂಗಳೂರಿನ ಜಿ. ರಾಜನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿ ರೂಪಿಸಿದ ಮೇಲೆ, ಈಗಂತೂ ಮೊಬೈಲಿನಲ್ಲೇ ತಂಬೂರಿ ಬಂದ ಮೇಲೆ, ಅದಕ್ಕೆ ನೆಪವಿಲ್ಲ. ಪಿಟೀಲು ಮಗುವಿನ ತೋಳಿನ ಅಳತೆಗಿರಬೇಕು. ಗಂಡುಹುಡುಗನ ದನಿ ಒಡೆಯುವ ಕಾಲದಲ್ಲಿ ಹಳೆಯ ಶ್ರುತಿಯಲ್ಲೇ ಹಾಡು ಎಂದು ಹಟ ಹಿಡಿಯಬಾರದು, ಆ ತಿಂಗಳುಗಳನ್ನು ಕೇಳ್ಮೆಗೆ, ತಾಳಕ್ಕೆ ಕೊಡಬಹುದು. “ಇವತ್ತು ಏನು ಕಲಿತೆ, ನನಗೂ ಹೇಳಿಕೊಡು” ಎಂದು ಅಮ್ಮ ಕೇಳಿದ ದಿನ ಮಗು ತನಗೇ ಗೊತ್ತಿಲ್ಲದೆ ಪಾಠವನ್ನು ಇನ್ನೊಮ್ಮೆ ಹೇಳಿಕೊಳ್ಳುತ್ತದೆ.

ಎಲ್ಲಕ್ಕಿಂತ ಕಡಿಮೆ ನಡೆಯುವುದು, ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು, ಜೊತೆಯಲ್ಲಿ ಕೂತು ಸಂಗೀತ ಕೇಳುವುದು. ಮಗುವನ್ನು ಪಾಠಕ್ಕೆ ಬಿಟ್ಟುಬರುವ ಎಷ್ಟೋ ಮನೆಗಳು ಒಂದು ಕಛೇರಿಗೂ ಹೋಗಿರುವುದಿಲ್ಲ. ಚಾಮರಾಜಪೇಟೆಯಲ್ಲಿ ಶ್ರೀರಾಮ ಸೇವಾ ಮಂಡಳಿ 1939ರಿಂದ ನಡೆಸುತ್ತ ಬಂದ ರಾಮನವಮಿ ಸಂಗೀತೋತ್ಸವದಲ್ಲಿ ಅಮ್ಮನ ತೊಡೆಯ ಮೇಲೆ ಅರೆನಿದ್ದೆಯಲ್ಲಿ ಕಲ್ಯಾಣಿ, ತೋಡಿ ಕೇಳಿದ ಮಕ್ಕಳಿಗೆ, ಸರಳೆ ವರಸೆ ಯಾವ ಊರಿಗೆ ಹೋಗುವ ದಾರಿ ಎಂಬುದು ಗೊತ್ತಿರುತ್ತದೆ. ಆ ಊರನ್ನೇ ನೋಡದ ಮಗುವಿಗೆ ದಾರಿ ಬರೀ ಧೂಳು.

ಇನ್ನೂ ಇತ್ಯರ್ಥವಾಗದ್ದು

ಹೆತ್ತವರು ಪಕ್ಕ ಕೂತದ್ದರಿಂದ ಮಗು ಮುಂದೆ ಹೋಯಿತೋ, ಮಗು ಆಸೆಯಿಂದ ಹಾಡುತ್ತಿದ್ದುದರಿಂದ ಹೆತ್ತವರು ಕೂತರೋ? ಇಂಗ್ಲೆಂಡಿನ ಅಧ್ಯಯನ ಇದನ್ನು ಬಿಡಿಸಿ ಹೇಳುವುದಿಲ್ಲ. ಅವಳಿಗಳ ಅಧ್ಯಯನ ಬಂದಮೇಲೆ ಗಂಟು ಇನ್ನೂ ಬಿಗಿಯಾಗಿದೆ.

ಮೇಲೆ ಹೇಳಿದ ಅಧ್ಯಯನಗಳು ಬಹುಪಾಲು ಪಾಶ್ಚಾತ್ಯ ಸಂಗೀತ ಕಲಿತವರನ್ನು, ಅದರಲ್ಲೂ ಹೆಚ್ಚಾಗಿ ವಾದ್ಯದವರನ್ನು, ನೋಡಿ ಬರೆದವು. ಬಾಯಿಪಾಠದಿಂದ ಬರುವ ಗಮಕ, ಹತ್ತಾರು ವರ್ಷ ಕಾದು ಅರಳುವ ಮನೋಧರ್ಮ, ಗುರುವಿನ ದನಿಯನ್ನೇ ಪುಸ್ತಕವಾಗಿಸಿಕೊಂಡ ಕಲಿಕೆ, ಇವುಗಳಿಗೆ ಆ ಲೆಕ್ಕ ಎಷ್ಟರಮಟ್ಟಿಗೆ ಹೊಂದುತ್ತದೆ ಎಂಬುದು ತೆರೆದ ಪ್ರಶ್ನೆ. ಮನೆಯಲ್ಲಿ ಅಮ್ಮ ತಿದ್ದಿದ ತಪ್ಪು ಗಮಕ, ಗುರು ಬಿಡಿಸಲಾರದ ರೂಢಿಯಾಗಿ ಉಳಿಯುವುದೂ ಉಂಟು.

ಈ ಜೊತೆಗೂಡುವಿಕೆಯ ದುಡಿಮೆ ಯಾರದು ಎಂದು ಕೇಳುವವರು ಕಡಿಮೆ. ಸುಜುಕಿಯ ತ್ರಿಕೋನದಲ್ಲೂ, ಬಸವನಗುಡಿಯ ಮೆಟ್ಟಿಲ ಮೇಲೂ, ಅದು ಹೆಚ್ಚಾಗಿ ತಾಯಿಯದೇ. ಸಂಜೆಯ ಪಾಳಿಯಲ್ಲಿ ಗಾರ್ಮೆಂಟ್ಸ್ ಕೆಲಸ ಮುಗಿಸಿ ಬರುವ ತಾಯಿಯ ಮಗುವಿಗೆ ಪಕ್ಕದಲ್ಲಿ ಯಾರು ಕೂರುತ್ತಾರೆ? ಗದಗಿನ ಆಶ್ರಮ ಒಂದು ಉತ್ತರ ಕೊಟ್ಟಿತ್ತು. ನಗರಗಳು ಅಂಥದ್ದನ್ನು ಕಟ್ಟಿಕೊಂಡಿಲ್ಲ.

ಬಿಡುವ ಪ್ರಶ್ನೆಯೂ ಹಾಗೇ ಇದೆ. ಒಂಬತ್ತನೇ ತರಗತಿ ಬಂತು, ಟ್ಯೂಷನ್ ಶುರುವಾಯಿತು, ಸಂಗೀತ ನಿಂತಿತು. ‘ಅವತ್ತು ಅಪ್ಪ ಬಿಡಿಸಬಾರದಿತ್ತು’ ಎನ್ನುವ ದೊಡ್ಡವರು ಬೇಕಾದಷ್ಟು ಸಿಗುತ್ತಾರೆ. ಬಲವಂತದಿಂದ ವಿದ್ವತ್‌ವರೆಗೆ ಓದಿ ಆಮೇಲೆ ತಂಬೂರಿಯ ಕಡೆ ತಿರುಗಿಯೂ ನೋಡದವರೂ ಇದ್ದಾರೆ, ಅವರು ಬಾಯಿಬಿಟ್ಟು ಹೇಳುವುದು ಕಡಿಮೆ. ಇಬ್ಬರಲ್ಲಿ ಯಾರ ಮಾತಿಗೆ ಕಿವಿಗೊಟ್ಟು ಹದಿಮೂರರ ಹುಡುಗಿಯ ವಿಷಯ ತೀರ್ಮಾನಿಸಬೇಕು ಎಂಬುದಕ್ಕೆ ಎಣಿಕೆಯ ಆಧಾರವಿಲ್ಲ. ಜೂನಿಯರ್ ಪರೀಕ್ಷೆಗೇ ನಿಲ್ಲಿಸಿ, ಇಪ್ಪತ್ತು ವರ್ಷದ ನಂತರ ರಾಮನವಮಿಯ ಪೆಂಡಾಲಿನಲ್ಲಿ ಕೂತು ತಪ್ಪದೆ ಆದಿತಾಳ ಹಾಕುತ್ತ, ತನಿ ಆವರ್ತನದ ಮುಕ್ತಾಯ ಎಲ್ಲಿಗೆ ಬಂದು ಬೀಳುತ್ತದೆಂದು ಕಾಯುವ ಹೆಂಗಸನ್ನು ಕಲಿತವರ ಪಟ್ಟಿಗೆ ಸೇರಿಸಬೇಕೋ ಬಿಟ್ಟವರ ಪಟ್ಟಿಗೋ ಎಂಬುದನ್ನೂ ಸಂಶೋಧಕರು ಇನ್ನೂ ಗೊತ್ತುಮಾಡಿಲ್ಲ.